ಮಾಮಿಯ ಓಟು ಎಲ್ಲಿ ಹೋತು

ನಂಗ ಒಂದು ಹುಚ್ಚು ಅದ. ನಮ್ಮ ವಿಧಾನಸಭಾ ಕ್ಷೇತ್ರದಾಗ ಯಾವ ಎಲೆಕ್ಷನ್ನಿಗೆ ಯಾರ್ಯಾರು ನಿಂತಿದ್ರು, ಯಾರು ಗೆದ್ರು, ಯಾರು ಎರಡನೇ ನಂಬರ್ ಬಂದ್ರು, ಯಾರು ಡಿಪಾಸಿಟ್ ಕಳಕೊಂಡ್ರು, ಎಲ್ಲಾ ಹುಡುಕಿ ಒಂದು ಪಟ್ಟಿ ಮಾಡೋದು. ಯಾರೂ ಮಾಡು ಅಂದಿಲ್ಲ, ಯಾರೂ ಕಲಿಸಿಲ್ಲ. ನಾವಿರೋದು ಮರಾಠಿ ಸೀಮಿಯಾಗ. ವಾರವೆಲ್ಲಾ ಇಲ್ಲಿ ಕ್ಯಾಂಪ್ ಅನ್ನೋ ಪೇಟಿಯಾಗ ಒಂದು ರಕ್ತ ತಪಾಸಣಿ ಲ್ಯಾಬಿನಾಗ ರಿಪೋರ್ಟ್ ಟೈಪ್ ಮಾಡ್ತೀನಿ. ರವಿವಾರ ಬಂತಂದ್ರ ಲ್ಯಾಪ್‌ಟಾಪ್ ತೊಡಿಮ್ಯಾಲೆ ಇಟ್ಕೊಂಡು ಹಳೇ ಎಲೆಕ್ಷನ್ ಪಿಡಿಎಫ್ ತೆಗಿತೀನಿ. ನಮ್ಮಪ್ಪಗ ಇದು ತಿಳಿಯೂದ ಇಲ್ಲ. "ಸೋತವರ ಪಟ್ಟಿ ಇಟ್ಕೊಂಡು ಏನ್ ಮಾಡ್ತಿಯವಾ? ಗೆದ್ದವ್ರs ನಮ್ಮನ್ನ ಕೇಳಂಗಿಲ್ಲ" ಅಂತಾನ.

ಕ್ಷೇತ್ರದ ಹೆಸರು ಇಲ್ಲಿ ಬರಿಯಂಗಿಲ್ಲ. ಬರದ್ರ ನಾಳೆ ಮುಂಜಾನೆ ಹತ್ತು ಮಂದಿ ಫೋನ್ ಮಾಡಿ "ಹಂಗಲ್ಲ ಅದು, ಹಿಂಗ" ಅಂತಾರ. ಈ ಹತ್ತು ಮಂದಿ ಹತ್ತು ಥರಾ ಹೇಳ್ತಾರ. ಈ ಹುಚ್ಚು ಹಿಡದಾಗಿಂದ ನಂಗ ಗೊತ್ತಾಗಿದ್ದು ಇದೊಂದs. ಹಿಂದ ಯಾರು ಗೆದ್ದಿದ್ರು ಅಂತ ಯಾರಿಗೂ ನೆನಪಿಲ್ಲ, ಆದ್ರ ನೆನಪಿಲ್ಲ ಅಂತ ಒಬ್ರೂ ಒಪ್ಪಂಗಿಲ್ಲ. ನಾ ಸರಕಾರಿ ಕಾಗದ ತೋರಿಸಿದ್ರೂ "ಕಾಗದದಾಗ ತಪ್ಪಿರಬೇಕು ಬಿಡು" ಅಂತಾರ. ತಲಿ ಜಜ್ಜಿಕೊಳ್ಳಬೇಕು ಅನಸ್ತದ.

ಅದಕ್ಕೂ ದೊಡ್ಡ ಕಾಟ ಅಂದ್ರ ಗಡಿ. ಕ್ಷೇತ್ರ ಅಂದ್ರ ಊರಿದ್ದಂಗಲ್ಲ, ಇದ್ದಲ್ಲೇ ಇರಂಗಿಲ್ಲ. ನಡುನಡುವ ಸರಕಾರ ಗಡಿ ಹೊಸದಾಗಿ ಎಳಿತದ. ಹೆಸರು ಹಳೇದs ಇರ್ತದ, ಒಳಗಿನ ಮಂದಿ ಬ್ಯಾರೆ ಆಗಿರ್ತಾರ. ನಿನ್ನೆ ತನಕ ಆ ಕಡೆ ಇದ್ದ ಓಣಿ ಇವತ್ತು ಈ ಕಡೆ. ಒಂದೆರಡು ಎಲೆಕ್ಷನ್ ಆದಮ್ಯಾಲೆ ಆ ಓಣಿ ಮಂದಿ "ನಾವು ಮೊದಲಿಂದಲೂ ಇಲ್ಲೇ" ಅನ್ನಾಕ ಶುರು ಮಾಡ್ತಾರ. ಇದೆಲ್ಲಾ ನಂಗ ಗೊತ್ತಿತ್ರಿ. ಗೊತ್ತಿದ್ದೂ ನಾ ಮಾಡಿದ ತಪ್ಪು ಹೇಳ್ತೀನಿ, ಕೇಳ್ರಿ.

ನಮ್ಮ ಕನ್ನಡ ಸಂಘದವ್ರು ಒಂದು ಸ್ಮರಣ ಸಂಚಿಕೆ ತರೋರಿದ್ರು. ಸಂಪಾದಕರು ಮೈಸೂರ ಕಡೆಯವ್ರು, ಐಟಿ ಕಂಪನಿಯಾಗ ಇದ್ದಾರ, ಮಾತಾಡಿದ್ರ ಅರ್ಧ ಇಂಗ್ಲಿಷು. ಒಂದಿನ ಫೋನ್ ಮಾಡಿ, "ನೀವು ಎಲೆಕ್ಷನ್ ಬಗ್ಗೆ ರಿಸರ್ಚ್ ಮಾಡ್ತೀರಂತೆ? ನಮ್ಮ ಏರಿಯಾದ ಹಿಸ್ಟರಿ ಒಂದು ಪೇಜ್ ಬರ್ಕೊಡಿ, ಪ್ಲೀಸ್. ಲೈಟ್ ಆಗಿರ್ಲಿ, ಫನ್ ಆಗಿರ್ಲಿ" ಅಂದ್ರು.

ನಂಗ ಖುಷಿ ಅಂದ್ರ ಖುಷಿ. ಮೊದಲನೇ ಸಲ ಯಾರೋ ತಾವಾಗಿ ಕೇಳಿದ್ರಲ್ಲ! ಒಂದು ಪುಟದಾಗ ಹಳೇ ಕಾಲದಿಂದ ಇವತ್ತಿನ ತನಕ ಪೂರಾ ಪಟ್ಟಿ ಕೂಡಿಸಿದೆ, ಸಣ್ಣ ಅಕ್ಷರದಾಗ. ಪಟ್ಟಿ ಕೆಳಗ ನಾಲ್ಕು ಸಾಲು ಬರದೆ. ಆ ನಾಲ್ಕು ಸಾಲಿನಾಗs ಎಲ್ಲಾ ಎಡವಟ್ಟು ಆತು.

ನಮ್ಮ ಓಣಿ ಮೂಲಿಮ್ಯಾಲೆ ಒಂದು ಹೋಟೆಲ್ ಅದ. ಮಂಗಳೂರ ಕಡೆಯವ್ರದ್ದು. ಕೆಳಗ ಹೋಟೆಲ್, ಮ್ಯಾಲೆ ಮನಿ. ಮಾಲಕರಿಗೆ ನಾವೆಲ್ಲಾ ಸಣ್ಣವರಿದ್ದಾಗಿಂದ ಹೋಟೆಲ್ ಮಾಮಾ ಅಂತೀವಿ, ಅವರ ಹೆಂಡತಿಗೆ ಮಾಮಿ. ನಾ ತೊಟ್ಟಿಲದಾಗಿದ್ದಾಗ ಈ ಮಾಮಾ ಒಂದು ಸಲ ಎಲೆಕ್ಷನ್ನಿಗೆ ನಿಂತಿದ್ದ. ಅಪಕ್ಷ, ಅಂದ್ರ ಯಾವ ಪಾರ್ಟಿನೂ ಇಲ್ಲ. ಗುರುತು ಕಪ್‌ಬಶಿ. ಚಹಾ ಕುಡಿಯೋ ಕಪ್ಪು, ಕೆಳಗ ಬಶಿ. ಹೋಟೆಲಿನವಗ ಇದಕ್ಕಿಂತ ಚಲೋ ಗುರುತು ಯಾವದ್ರಿ?

ಮಾಮಾ ಯಾಕ ನಿಂತಾ ಅಂದ್ರ, ಅದೂ ಒಂದು ಪದ್ಧತಿ. ಪ್ರತಿ ಉಮೇದುವಾರಗೂ ಪ್ರತಿ ಬೂತಿನಾಗ ತನ್ನ ಒಬ್ಬ ಏಜೆಂಟನ್ನ ಕೂಡಸೋ ಹಕ್ಕು ಇರ್ತದ. ದೊಡ್ಡ ಲೀಡರ್ ಇರೋರು ಏನ್ ಮಾಡ್ತಾರ, ಎರಡು ಮೂರು ಸಣ್ಣ ಮಂದಿನ್ನ ಹುರುಪು ಹಚ್ಚಿ ನಿಲ್ಲಸ್ತಾರ, ಆಮ್ಯಾಲೆ ಅವರ ಹೆಸರಿನಾಗ ತಮ್ಮ ಹುಡುಗರನ್ನ ಏಜೆಂಟ್ ಮಾಡಿ ಕೂಡಸ್ತಾರ. ಒಂದು ಬೂತಿನಾಗ ಒಬ್ಬನ ಬದಲಿ ನಾಲ್ಕು ಮಂದಿ ಅವರವ್ರs. ಮಾಮಾಗೂ ಹಂಗs ಒಬ್ಬ ಲೀಡರಿನ ಮಂದಿ ಬಂದು, "ಶೇಠ್, ಕ್ಯಾಂಪಿನಾಗ ನಿಮ್ಮನ್ನ ಯಾರಿಗೆ ಗೊತ್ತಿಲ್ಲ? ನಿಲ್ಲರಿ" ಅಂದ್ರಂತ. ಫಾರ್ಮ್ ಅವ್ರs ತುಂಬಿದ್ರು, ವಕೀಲ ಅವರವs, ಸೂಚಕರ ಸಹಿನೂ ಅವ್ರs ತಂದ್ರು. ಮಾಮಾ ತೋರಿಸಿದಲ್ಲಿ ಸಹಿ ಹಾಕಿದಾ. ಆದ್ರ ಒಮ್ಮೆ ನಿಂತಮ್ಯಾಲೆ ಮಾಮಾ ಖರೇನs ನಿಂತಿದ್ದ. ಸ್ಕೂಟರ್ ಮ್ಯಾಲೆ ಕಪ್‌ಬಶಿ ಬೋರ್ಡ್ ಕಟ್ಟಿಕೊಂಡು ಓಣಿ ಓಣಿ ತಿರುಗಿದಾ.

ಸೋತಾ. ಅದು ಸರಿ, ಎಲ್ಲಾರೂ ಸೋಲ್ತಾರ. ಆದ್ರ ಎಣಿಕಿ ಆದಮ್ಯಾಲೆ ಬೂತಿನ ಪ್ರಕಾರ ಹಾಳಿ ಬಂತಲ್ಲ, ಅದರಾಗ ಹೋಟೆಲ್ ಹಿಂದಿನ ಸಾಳಿಯ, ಅಂದ್ರ ಶಾಲೆಯ, ಬೂತಿನಾಗ ಕಪ್‌ಬಶಿ ಮುಂದ ಸೊನ್ನೆ. ಮಾಮಿ ಓಟು ಹಾಕಿದ್ದು ಅದೇ ಸಾಳಿಯಾಗ. ಹೋಟೆಲಿನ ಕೆಲಸದವರ ಓಟೆಲ್ಲಾ ಅವರವರ ಊರಾಗ ಇದ್ದವು. ಮಾಮಾ ಅವತ್ತು ಮುಂಜಾನಿಂದ ಹೋಟೆಲ್ ಮುಂದಿನ ದೊಡ್ಡ ರಸ್ತೆ ಆಚೆಯ ಬೂತುಗಳನ್ನ ಸುತ್ತಿ ಸುತ್ತಿ ತನ್ನ ಓಟು ಹಾಕೋದs ಮರತು, ವಾಪಸ್ ಬರೋದ್ರಾಗ ಬಾಗಲಾ ಹಾಕಿದ್ರು. ಅಲ್ಲಿಗೆ ಲೆಕ್ಕ ಏನಾತು? ಮಾಮಿ ಗಂಡಗ ಓಟು ಹಾಕಿಲ್ಲ.

ಲೀಡರಿನ ಹುಡುಗ್ರು ಅವತ್ತs ಹೋಟೆಲಿಗೆ ಬಂದು "ಬಾಯಕೋನೇ ಪಣ ಮತ ದಿಲ ನಾಹೀ" ಅಂತ ನಕ್ಕಿದ್ರಂತ. ಹೆಂಡತಿನೂ ಓಟು ಕೊಡಲಿಲ್ಲ ಅಂತ. ಆ ಮಾತು ಅಲ್ಲಿಂದ ಇಲ್ಲಿತನಕ ಸತ್ತಿಲ್ಲ. ನಾ ಸಾಳಿಗೆ ಹೋಗೋವಾಗ ಕೇಳೀನಿ, ಕಾಲೇಜಿಗೆ ಹೋಗೋವಾಗ ಕೇಳೀನಿ. ಚಹಾ ಕುಡಿಯಾಕ ಬಂದ ಮಂದಿ ಬಿಲ್ ಕೊಡೋವಾಗ ಇದೊಂದು ಅಂದs ಹೋಗಬೇಕು. ಮಾಮಾನೂ ನಗತಿದ್ದ. "ಎಂತ ಮಾಡುದು, ಮನೆಯಲ್ಲೇ ವಿರೋಧ ಪಕ್ಷ" ಅಂತಿದ್ದ.

ನಾನೂ ಅದನ್ನ ಬರದೆ. ಸಂಪಾದಕರು ಫನ್ ಇರ್ಲಿ ಅಂದಿದ್ರಲ್ಲ. "ನಮ್ಮ ಕ್ಷೇತ್ರದಾಗ ನಿಂತ ಒಬ್ಬನೇ ಕನ್ನಡಿಗ ಉಮೇದುವಾರನಿಗೆ ಸ್ವಂತ ಬೂತಿನಾಗ ಸೊನ್ನೆ ಓಟು. ಸ್ವಂತ ಹೆಂಡತಿಯದ್ದೂ ಇಲ್ಲ!" ಮುಂದ ಒಂದು ನಗೋ ಚಿಹ್ನಿ ಬ್ಯಾರೆ.

ಪ್ರೂಫ್ ಬಂತು. ನಾ ಹುರುಪಿನಾಗ ಪ್ರಿಂಟ್ ತಗದು ಹೋಟೆಲಿಗೆ ಒಯ್ದೆ. ಮಾಮಾ ಗಲ್ಲೆದಾಗ, ಬಿಲ್ ತೊಗೊಳೋ ಮೇಜಿನ ಹಿಂದ, ಕೂತಿದ್ದ. ಕನ್ನಡಕಾ ಏರಿಸಿ ಪಟ್ಟಿಯಾಗ ತನ್ನ ಹೆಸರು ಹುಡುಕಿದಾ, ಸಿಕ್ತು. ಮಾರಿ ಅರಳಿತು. "ನೋಡು ಮಾರಾಯ್ತಿ, ನನ್ನ ಹೆಸರು ಎಂಎಲ್ಎಗಳ ಸಾಲಿನಲ್ಲಿ!" ಅಂದಾ. ಕೆಳಗಿನ ಸಾಲು ಓದಿ ಹೊಟ್ಟಿ ಕುಣಿಸಿ ನಕ್ಕಾ. "ಒಳ್ಳೇದುಂಟು, ಒಳ್ಳೇದುಂಟು. ಅವಳಿಗೂ ತೋರಿಸು."

ತೋರಿಸಬಾರದಿತ್ತು. ಮಾಮಿ ಮ್ಯಾಲೆ ಮನಿಯಾಗ ತೆಂಗಿನಕಾಯಿ ತುರಿಯಾಕ ಕೂತಿದ್ರು. ಹಾಳಿ ತೊಗೊಂಡು ಸಾವಕಾಶ ಓದಿದ್ರು. ಎರಡನೇ ಸಲ ಓದಿದ್ರು. ಆಮ್ಯಾಲೆ ನನ್ನ ಕಡೆ ನೋಡಿ ಒಂದs ಮಾತು ಅಂದ್ರು, "ನೀನೂ ಬರೆದ್ಯಾ ಮಗಾ?"

"ಮಾಮಿ, ಇದು ಮಜಾಕ್ ರಿ. ಎಲ್ಲಾರಿಗೂ ಗೊತ್ತಿದ್ದದ್ದs."

"ಎಲ್ಲರಿಗೂ ಗೊತ್ತಿದ್ದದ್ದು ಎಂತ? ಇವರು ಹೇಳಿದ್ದು ಗೊತ್ತುಂಟು. ನಾನು ಹೇಳಿದ್ದು ಯಾರಿಗೆ ಗೊತ್ತುಂಟು?"

"ನೀವು ಏನಂತೀರಿ ಮತ್ತ?"

"ಕಪ್‌ಬಶಿ ಇರ್ಲಿಲ್ಲ ಅಂತೇನೆ. ಅವತ್ತೂ ಹೇಳಿದೆ. ಮೆಷಿನ್ ಮುಂದೆ ನಿಂತು ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ. ಇವರ ಹೆಸರೂ ಇಲ್ಲ, ಕಪ್‌ಬಶಿಯೂ ಇಲ್ಲ. ಹೊರಗಿನಿಂದ ಆ ಆಫೀಸರ್ ಲವಕರ ಲವಕರ, ಬೇಗ ಬೇಗ ಅಂತ ಬೊಬ್ಬೆ ಹಾಕ್ತಾನೆ. ಎಂತ ಮಾಡ್ಲಿ ನಾನು?"

"ಹಂಗ ಆಗಂಗಿಲ್ರಿ ಮಾಮಿ" ಅಂದೆ ನಾನು. ಈಗ ನೆನಸಿಕೊಂಡ್ರ ನನ್ನ ಮ್ಯಾಲೆ ನಂಗs ಸಿಟ್ಟು ಬರ್ತದ. ಭಾಳ ತಿಳದೋರ ಹಂಗ ಅವರಿಗೆ ಪಾಠಾ ಮಾಡಿದೆ. ಮೆಷಿನ್ನಿನಾಗ ಎಲ್ಲಾ ಉಮೇದುವಾರರ ಹೆಸರು ಇರಲೇಬೇಕು, ಅಪಕ್ಷದವರದ್ದು ಕೆಳಗ ಇರ್ತದ, ನಿಮಗ ಅವಸರದಾಗ ಕಂಡಿರಲಿಕ್ಕಿಲ್ಲ, ಅಂತೆಲ್ಲಾ.

"ಇವರೂ ಇದನ್ನೇ ಹೇಳ್ತಾರೆ. ಕಣ್ಣು ಕಾಣುದಿಲ್ಲ ನಿಂಗೆ, ಓದ್ಲಿಕ್ಕೆ ಬರುದಿಲ್ಲ ನಿಂಗೆ" ಅಂತ ಮಾಮಿ ಹಾಳಿ ಮಡಚಿ ನನ್ನ ಕೈಯಾಗ ಇಟ್ರು. "ನಾನು ಎಸ್ಸೆಲ್ಸಿ ಪಾಸು. ಇವರು ಏಳನೇ ಕ್ಲಾಸು. ಬಾಯಲ್ಲಿ ಹೇಳುದು ಬೇರೆ ಮಗಾ, ಗಾಳಿಗೆ ಹೋಗ್ತದೆ. ಇದು ಪುಸ್ತಕ. ನನ್ನ ಮೊಮ್ಮಕ್ಕಳು ಓದ್ತಾರೆ. ಅಜ್ಜಿ ಅಜ್ಜನಿಗೆ ಓಟು ಹಾಕ್ಲಿಲ್ಲ ಅಂತ."

ಮತ್ತ ತುರಿಯಾಕ ಶುರು ಮಾಡಿದ್ರು. ಚಹಾ ಕುಡಿ ಅಂತ ಅನ್ನಲಿಲ್ಲ. ಆ ಮನಿಯಾಗ ಚಹಾ ಕುಡಿ ಅಂತ ಅನ್ನದs ಇದ್ದದ್ದು ಅದೇ ಮೊದಲು.

ಮನಿಗೆ ಬಂದೆ, ತಲಿ ಕೆಟ್ಟಿತ್ತು. ಖರೇ ಹೇಳ್ತೀನಿ, ಮಾಮಿ ಹೇಳಿದ್ದು ತಪ್ಪು ಅಂತ ತೋರಸಬೇಕು ಅಂತs ನಾ ಹುಡಕಾಕ ಕೂತಿದ್ದು. ಪ್ರೂಫ್ ವಾಪಸ್ ಕೊಡಾಕ ಮೂರು ದಿನ ಇತ್ತು.

ಮೊದಲು ಉಮೇದುವಾರರ ಪಟ್ಟಿ ನೋಡಿದೆ. ಮಾಮಾ ಹೆಸರು ಅದ, ಗುರುತು ಅದ. ಬೂತಿನ ಹಾಳಿ ನೋಡಿದೆ. ಸಾಳಿ ಹೆಸರು ಅದ, ಸೊನ್ನೆ ಅದ. ಎಲ್ಲಾ ಸರಿ ಅದ. ಹಂಗಾದ್ರ ಮಾಮಿಗೆ ಕಂಡಿಲ್ಲ, ಮುಗೀತು, ಅಂತ ಲ್ಯಾಪ್‌ಟಾಪ್ ಮುಚ್ಚೋಳಿದ್ದೆ. ಆಗ ಕಣ್ಣಿಗೆ ಬಿತ್ತು. ಬೂತಿನ ಹೆಸರಿನ ಮುಂದ ಸಾಳಿಯ ಖೋಲಿ ನಂಬರ್ ಬರದಿದ್ರು. ಆ ಒಂದು ಖೋಲಿ ಅಷ್ಟs. ಆ ಸಾಳಿಯಾಗ ನಾ ಓದೀನಿ. ಎಲೆಕ್ಷನ್ ಬಂದಾಗೆಲ್ಲಾ ಸಾಲಾಗಿ ನಾಲ್ಕೈದು ಖೋಲಿ ತೊಗೋತಾರ. ಉಳದ ಖೋಲಿಗೋಳು ಎಲ್ಲಿ ಹೋದವು?

ಪೂರಾ ಪಿಡಿಎಫ್ ಎರಡು ಸಲ ತಿರುವಿ ಹಾಕಿದೆ. ಇಲ್ಲ. ಆಮ್ಯಾಲೆ, ಬ್ಯಾಸರಕ್ಕ ಅಂತs ಅನ್ರಿ, ರಸ್ತೆ ಈಚೆ ಕಡೆ ಇದ್ದ ಇನ್ನೊಂದು ಹಳೇ ಕ್ಷೇತ್ರದ ಪಿಡಿಎಫ್ ತಗದೆ. ಆ ಕ್ಷೇತ್ರ ಈಗ ಇಲ್ಲ. ಹೊಸ ಗಡಿ ಎಳದಾಗ ಅದನ್ನ ತುಂಡು ತುಂಡು ಮಾಡಿ ಸುತ್ತಲಿನ ಕ್ಷೇತ್ರಗಳಿಗೆ ಹಂಚಿದ್ರು. ಅದರಾಗ ಹುಡುಕಿದ್ರ, ಅದೇ ಸಾಳಿ! ಉಳದ ಖೋಲಿಗೋಳೆಲ್ಲಾ ಅಲ್ಲಿದ್ದವು.

ಒಂದs ಸಾಳಿ, ಒಂದs ಗೇಟು, ಒಂದು ಖೋಲಿಯಾಗ ಒಂದು ಕ್ಷೇತ್ರದ ಮೆಷಿನ್, ಬಾಜೂ ಖೋಲಿಯಾಗ ಇನ್ನೊಂದು ಕ್ಷೇತ್ರದ್ದು.

ಹಂಗಾದ್ರ ನಮ್ಮ ಓಣಿ ಯಾವ ಕಡೆ ಇತ್ತು? ಗಡಿ ಹೇಳೋ ಹಳೇ ಸರಕಾರಿ ಕಾಗದ ಮರಾಠಿಯಾಗ ಅದ. ಯಾರೋ ಪುಣ್ಯಾತ್ಮ ಅದನ್ನ ತಲೆಕೆಳಗ ಸ್ಕ್ಯಾನ್ ಮಾಡಿ ಹಾಕ್ಯಾನ. ಒಂದು ಪುಟಕ್ಕ ಒಂದs ವಾಕ್ಯ. ನಾಲಾದಿಂದ ಹೊಂಟು, ಅಲ್ಲಿಂದ ತಿರುಗಿ, ಇಂಥಾ ರಸ್ತೆಯ ನಡುವಿನ ಗೆರಿ ಹಿಡಕೊಂಡು, ಅಲ್ಲಿಂದ ಮತ್ತ ತಿರುಗಿ... ಆ "ಇಂಥಾ ರಸ್ತೆ" ಹೆಸರು ಈಗ ಬದಲಾಗ್ಯದ. ಹಳೇ ಹೆಸರು ಯಾವ ರಸ್ತೆದ್ದು ಅಂತ ನಮ್ಮಪ್ಪನ ಕೇಳಿದೆ, ಒಂದು ಹೇಳಿದ. ಬಾಜೂ ಮನಿ ಕಾಕಾನ ಕೇಳಿದೆ, ಇನ್ನೊಂದು ಹೇಳಿದ್ರು. ಇಬ್ಬರೂ ಆಣಿ ಮಾಡಿ ಹೇಳಿದ್ರು. ಆಮ್ಯಾಲೆ ಅವ್ರಿಬ್ರೂ ತಮ್ಮತಮ್ಮೊಳಗs ಜಗಳಾಡಾಕ ಹತ್ತಿದ್ರು, ನಾ ಎದ್ದು ಬಂದೆ. ಒಂದು ರಸ್ತೆ ಹೆಸರಿನ ಸಲುವಾಗಿ ಎರಡು ದಿನ ಹೋತು ನಂದು.

ಮೂರನೇ ದಿನ, ಲ್ಯಾಬಿನಾಗ ಒಬ್ಬ ಅಜ್ಜ ರಿಪೋರ್ಟ್ ಒಯ್ಯಾಕ ಬಂದಾ. ಗುರುತಿನ ಚೀಟಿ ತೋರಸ್ರಿ ಅಂದ್ರ ಹಳೇ ಓಟರ್ ಕಾರ್ಡ್ ತಗದಾ. ಕಪ್ಪು ಬಿಳಿ ಫೋಟೋ, ಪ್ಲಾಸ್ಟಿಕ್ ಹೊದಿಕಿ. ಹೆಸರು ಟೈಪ್ ಮಾಡಿ, ವಿಳಾಸ ನೋಡಾಕ ಅದನ್ನ ತಿರುವಿದೆ. ವಿಳಾಸದ ಕೆಳಗ ವಿಧಾನಸಭಾ ಕ್ಷೇತ್ರದ ನಂಬರು, ಹೆಸರು, ಎಲ್ಲಾ ಇತ್ತು. ಈ ಕಾರ್ಡ್ ಎಷ್ಟು ನೂರು ಸಲ ನೋಡಿಲ್ಲ ನಾ? ದಿನಾ ಕೈಯಾಗ ಹಿಡಿತೀನಿ!

ಊಟದ ಸುಟ್ಟಿಯಾಗ ಹೋಟೆಲಿಗೆ ಓಡಿದೆ. ಸೀದಾ ಮ್ಯಾಲೆ ಹೋದೆ. "ಮಾಮಿ, ನಿಮ್ಮ ಹಳೇ ಓಟರ್ ಕಾರ್ಡ್ ಅದ ಏನ್ರಿ?"

ಮಾಮಿ ಇನ್ನೂ ಸಿಟ್ಟಿನಾಗs ಇದ್ರು. "ಯಾಕೆ? ಅದರಲ್ಲೂ ಸೊನ್ನೆ ಬರೀಲಿಕ್ಕುಂಟಾ?"

"ಒಮ್ಮೆ ಕೊಡ್ರಿ, ಆಮ್ಯಾಲೆ ಬೈರಿ."

ಬೀರು ತಗದು ಒಳಗಿನ ಖಣದಿಂದ ಒಂದು ಪಾಕೀಟು ತಂದ್ರು. ಹೊಸ ಬಣ್ಣದ ಕಾರ್ಡ್ ಬಂದಮ್ಯಾಲೂ ಹಳೇದು ಒಗದಿದ್ದಿಲ್ಲ. "ಇದರಲ್ಲಿ ನಾನು ಸ್ವಲ್ಪ ಚೆಂದ ಕಾಣ್ತೇನೆ" ಅಂದ್ರು. ಕಾರ್ಡ್ ಹಿಂದ ತಿರುವಿದೆ. ಕೊಟ್ಟ ತಾರೀಖು ಮಾಮಾ ನಿಂತ ಎಲೆಕ್ಷನ್ನಿಗಿಂತ ಮುಂಚಿಂದು. ಕ್ಷೇತ್ರದ ಹೆಸರು ಓದಿದೆ. ಮಾಮಾ ನಿಂತಿದ್ದ ಕ್ಷೇತ್ರ ಅಲ್ಲ ಅದು. ಇನ್ನೊಂದು.

ಮಾಮಾ ನಿಂತಿದ್ದು ರಸ್ತೆ ಆಚೆ. ಓಟು ಇದ್ದದ್ದು ರಸ್ತೆ ಈಚೆ. ರಾಜ್ಯದಾಗ ಎಲ್ಲಿ ಓಟು ಇದ್ರೂ ಬ್ಯಾರೆ ಕ್ಷೇತ್ರದಾಗ ನಿಲ್ಲಬಹುದು, ಕಾಯ್ದೆ ಅದ. ಫಾರ್ಮ್ ತುಂಬಿದ ಲೀಡರಿನ ವಕೀಲಗ ಅದು ಗೊತ್ತಿತ್ತು. ಅವರಿಗೆ ಬೇಕಾಗಿದ್ದು ರಸ್ತೆ ಆಚೆಯ ಬೂತಿನಾಗ ಏಜೆಂಟರು. ಶೇಠನ ಮನಿ ಯಾವ ಕಡೆ ಅದ ಅಂತ ಅವರಿಗೇನು? ಮಾಮಾಗ ಯಾರೂ ಹೇಳಲಿಲ್ಲ, ಮಾಮಾನೂ ಕೇಳಲಿಲ್ಲ. ಮಾಮಿ ಮುಂದಿನ ಮೆಷಿನ್ನಿನಾಗ ಕಪ್‌ಬಶಿ ಇರೋದು ಸಾಧ್ಯನs ಇರಲಿಲ್ಲ. ಆಮ್ಯಾಲೆ ಹೊಸ ಗಡಿ ಬಂತು, ಎರಡೂ ಕಡೆ ಕೂಡಿ ಒಂದಾತು, ಎಲ್ಲಾರೂ ಮೊದಲಿಂದಲೂ ಒಂದs ಅಂತ ನಂಬಿದ್ರು. ನಾ ಇತಿಹಾಸ ಬರಿಯಾಕಿ, ನಾನೂ ನಂಬಿದೆ.

ಮಾಮಿಗೆ ಹೇಳಿದೆ. ಅತ್ತಾರು ಅಂದ್ಕೊಂಡಿದ್ದೆ. ಅವರು ಪಾಕೀಟಿನಿಂದ ಇನ್ನೊಂದು ಕಾರ್ಡ್ ತಗದ್ರು, ಮಾಮಾದು. ಹಿಂದ ತಿರುವಿ ತಾವs ಓದಿದ್ರು. ಅದೂ ಅದೇ. "ಇದು ಇಷ್ಟು ವರ್ಷ ನನ್ನ ಕಪಾಟಿನಲ್ಲಿತ್ತಾ?" ಅಂದ್ರು. ಆಮ್ಯಾಲೆ ಸೆರಗು ಸರಿ ಮಾಡಿಕೊಂಡು ಎದ್ದು, "ಬಾ, ಕೆಳಗೆ ಹೋಗುವ" ಅಂದ್ರು.

ಗಲ್ಲೆದ ಮುಂದ ಎರಡೂ ಕಾರ್ಡ್ ತಿರುವಿ ಇಟ್ಟು ನಿಂತ್ರು. ನಾ ಮಾಮಾಗ ಎಲ್ಲಾ ಬಿಡಿಸಿ ಹೇಳಿದೆ, ರಸ್ತೆ, ಸಾಳಿ, ಖೋಲಿ. ಮಾಮಾ ಮೊದಲು ನಕ್ಕಾ, ಆಮ್ಯಾಲೆ ನಗು ಹೋತು. ಕಾರ್ಡ್ ಹತ್ರ ಹಿಡದಾ, ದೂರ ಹಿಡದಾ.

"ಹಾಗಾದ್ರೆ ನಾನು ಬೇರೆಯವರ ಊರಲ್ಲಿ ಓಟು ಕೇಳಿದ್ದಾ?"

"ಹೌದ್ರಿ ಮಾಮಾ."

"ನಾನು ಬೂತಿಗೆ ಹೋಗಿದ್ರೂ ನನಗೆ ನಾನೇ ಓಟು ಹಾಕ್ಲಿಕ್ಕೆ ಆಗ್ತಿರ್ಲಿಲ್ಲವಾ?"

"ಇಲ್ರಿ."

ಮಾಮಾ ಹಿಂದ ಒರಗಿದಾ. ಮಾಮಿ ಕಡೆ ನೋಡಲಿಲ್ಲ. ಒಂದು ಮಾತು, ತಪ್ಪಾತು ಅನ್ನೋ ಒಂದು ಮಾತು ಬರ್ತದ ಅಂತ ನಾ ಕಾದೆ. ಬಂದದ್ದು ಬ್ಯಾರೆ. "ಇದನ್ನು ಪುಸ್ತಕದಲ್ಲಿ ಹಾಕ್ಬೇಡ ಮಗಳೇ. ಹೆಂಡತಿ ಓಟು ಹಾಕ್ಲಿಲ್ಲ ಅಂದ್ರೆ ಜನ ನಗಾಡ್ತಾರೆ ಅಷ್ಟೆ. ಯಾವ ಕ್ಷೇತ್ರ ಅಂತ ಗೊತ್ತಿಲ್ಲದೆ ನಿಂತವ ಅಂದ್ರೆ ನನ್ನನ್ನು ಎಂತ ಅಂತಾರೆ? ಎರಡೂ ತೆಗೆದುಬಿಡು. ನನ್ನ ಹೆಸರೂ ಬೇಡ."

ಮಾಮಿ ಎರಡೂ ಕಾರ್ಡ್ ಎತ್ತಿಕೊಂಡ್ರು. "ನಗಾಡಿದ್ದು ನನ್ನನ್ನು ನೋಡಿ, ನಿಮ್ಮನ್ನು ನೋಡಿ ಅಲ್ಲ. ತೆಗೀಬೇಡ ಮಗಾ. ಸರಿ ಮಾಡಿ ಬರಿ."

"ಮತ್ತೆ ಅವತ್ತು ನೀನು ಯಾರಿಗೆ ಹಾಕಿದ್ದು?" ಮಾಮಾಗ ಈಗ ಹೊಳೀತು.

"ಅದು ಗುಪ್ತ ಮತದಾನ" ಅಂತ ಮಾಮಿ ಮ್ಯಾಲೆ ಹೋದ್ರು.

ಅವತ್ತು ಸಂಜಿಕನs ಬರದೆ. ಹಳೇ ಸಾಲು ತಗದು ಹೊಸದು ಹಾಕಿದೆ. ಉಮೇದುವಾರನ ಮನಿ ಆಗ ಬ್ಯಾರೆ ಕ್ಷೇತ್ರದಾಗ ಇತ್ತು, ಅವನ ಹೆಂಡತಿ ಆ ಕ್ಷೇತ್ರದ ಮತದಾರರು, ಆದ್ದರಿಂದ ಅವರ ಮೆಷಿನ್ನಿನಾಗ ಕಪ್‌ಬಶಿ ಇರಲಿಲ್ಲ. ಓಟು ಹಾಕಲಿಲ್ಲ ಅನ್ನೋದು ಸುಳ್ಳು. ಹೆಸರು ಹಾಕಲಿಲ್ಲ, ಆದ್ರ ಓಣಿಯವರಿಗೆ ಯಾರು ಅಂತ ಗೊತ್ತs ಅದ. ಸಂಪಾದಕರಿಗೆ ಕಳಿಸಿದೆ. ಹತ್ತು ನಿಮಿಷದಾಗ ಫೋನು.

"ಇದು ಲೆಂತ್ ಜಾಸ್ತಿ ಆಯ್ತಲ್ಲ. ಆಂಟಿ ವಿಷ್ಯ ಮೊದ್ಲು ಒಂದು ಲೈನ್ ಇತ್ತು, ಈಗ ಆರು ಲೈನ್. ಜೋಕ್ ಕೂಡ ಹೋಯ್ತು. ಹಳೇದೇ ಇರ್ಲಿ ಬಿಡಿ, ಯಾರು ಚೆಕ್ ಮಾಡ್ತಾರೆ?"

"ಹಳೇದು ಸುಳ್ಳು ಅದ ರಿ."

"ಸೀರಿಯಸ್ ಆಗಿ ತಗೋಬೇಡಿ. ಆಂಟಿ ಏನೂ ಅಂದ್ಕೊಳ್ಳಲ್ಲ."

"ಅಂದ್ಕೊಂಡಾರ ರೀ. ಇಷ್ಟು ವರ್ಷ ಅಂದ್ಕೊಂಡs ಕೂತಾರ."

"ಓಕೆ, ಓಕೆ. ಆದ್ರೆ ಲೇಔಟ್ ಲಾಕ್ ಆಗಿದೆ. ನಿಮ್ಗೆ ಒಂದೇ ಪೇಜ್. ಪಕ್ಕದ ಪೇಜ್ ಜಾಹೀರಾತು, ಅವ್ರು ಬಿಡಲ್ಲ. ನೀವೇ ಡಿಸೈಡ್ ಮಾಡಿ. ಟೇಬಲ್ ಚಿಕ್ಕದ್ ಮಾಡ್ತೀರೋ, ಈ ಮ್ಯಾಟರ್ ಚಿಕ್ಕದ್ ಮಾಡ್ತೀರೋ."

ನನ್ನ ಪಟ್ಟಿಯಾಗ ಒಂದು ಸಾಲು ತಗದ್ರ ಒಂದು ಎಲೆಕ್ಷನ್ ಹೋಗ್ತದ. ಯಾವದು ತಗೀಲಿ? ಮೊದಲನೇದಾ? ಒಂದು ಓಟಿನ ಸಲುವಾಗಿ ಮತ್ತ ಮತ್ತ ಎಣಿಸಿದ್ರು ಅಂತ ಮಂದಿ ಹೇಳ್ತಾರಲ್ಲ, ಅದಾ? ಸಂಚಿಕಿಯಾಗ ನನ್ನ ಹೆಸರಿನ ಕೆಳಗ ಬರೋದು ಆ ಪಟ್ಟಿ ಅಂತs ನಾ ಅಷ್ಟು ರವಿವಾರ ಕೂತಿದ್ದು. ಎಷ್ಟು ಕಣ್ಣು ಉರದಾವು, ಎಷ್ಟು ಮಂದಿ ಕೂಡ ಜಗಳಾಡೀನಿ. ಅದೂ ಅಲ್ಲದ ಇನ್ನೊಂದು ಮಾತು ತಲಿಯಾಗ ಕೊರಿಯಾಕ ಹತ್ತಿತ್ತು. ನಮ್ಮ ಓಣಿ ಆವಾಗ ಈ ಕ್ಷೇತ್ರದಾಗ ಇರಲೇ ಇಲ್ಲ ಅಂದಮ್ಯಾಲೆ, ಆ ಪಟ್ಟಿಯ ಮ್ಯಾಲಿನ ಅರ್ಧ "ನಮ್ಮದು" ಹ್ಯಾಂಗಾತು? ನಮ್ಮ ಮಂದಿ ಓಟು ಹಾಕಿದ್ದು ಆ ಇಲ್ಲದಂಗಾದ ಇನ್ನೊಂದು ಕ್ಷೇತ್ರಕ್ಕ. ಅದರ ಪಟ್ಟಿ ನಾ ಮಾಡೇ ಇಲ್ಲ.

ಸಿಟ್ಟು ಯಾರ ಮ್ಯಾಲೆ ತಗೀಬೇಕು ತಿಳಿಲಿಲ್ಲ. ಸಂಪಾದಕರಿಗೆ ಫೋನ್ ಹಚ್ಚಿ, "ಪಟ್ಟಿ ಪೂರಾ ತಗೀರಿ" ಅಂದೆ.

"ಪೂರ್ತಿನಾ? ಟೇಬಲ್ಲೇ ಇಲ್ದೇ ಹಿಸ್ಟರಿ ಹೇಗೆ?"

"ಆರು ಸಾಲು ಇಡ್ರಿ. ಉಳದ ಜಾಗಾದಾಗ ಗಡಿ ಹ್ಯಾಂಗ ಬದಲಾತು ಅಂತ ಬರದು ಕೊಡ್ತೀನಿ. ನಮ್ಮ ಓಣಿದು ಅಷ್ಟs."

"ಓದ್ತಾರಾ ಜನ ಅದನ್ನ?"

"ನಂಗೊತ್ತಿಲ್ರಿ" ಅಂದೆ. ಖರೇನs ಗೊತ್ತಿರಲಿಲ್ಲ.

ಸಂಚಿಕಿ ಬಂತು. ಸಂಘದ ಕಾರ್ಯಕ್ರಮದಾಗ ಎಲ್ಲಾರೂ ಮೊದಲು ತಮ್ಮತಮ್ಮ ಫೋಟೋ ಹುಡುಕಿದ್ರು, ಆಮ್ಯಾಲೆ ಊಟಕ್ಕ ಹೋದ್ರು. ನನ್ನ ಪುಟಾ ಓದಿದೆ ಅಂತ ಒಬ್ರೂ ಹೇಳಲಿಲ್ಲ. ಒಬ್ಬ ಕಾಕಾ ಮಾತ್ರ ಬಂದು, "ಒಳ್ಳೇ ಬರದೀರಿ, ಆದ್ರ ಆ ರಸ್ತೆ ಹಳೇ ಹೆಸರು ಅದಲ್ಲ" ಅಂದ್ರು.

ಮಾಮಿಗೆ ಎರಡು ಪ್ರತಿ ಕೊಟ್ಟೆ. ಒಂದು ಬೀರುವಿಗೆ ಹೋತು. ಇನ್ನೊಂದನ್ನ ಅವ್ರು ಕೆಳಗ ಗಲ್ಲೆದಮ್ಯಾಲೆ, ಸೋಂಫಿನ ಬಟ್ಟಲದ ಬಾಜೂಕ, ನನ್ನ ಪುಟಾ ತಗದು ಮಡಚಿ ಇಟ್ಟಿದ್ರು. ಮಾಮಾ ದಿನಾ ಅದರ ಮ್ಯಾಲೆ ಬಿಲ್ ಬುಕ್ ಇಡ್ತಿದ್ದ. ಮಾಮಿ ಬಂದು ಬಿಲ್ ಬುಕ್ ತಗದು ಬದಿಗೆ ಇಡ್ತಿದ್ರು. ಹಿಂಗ ಒಂದು ವಾರ ನಡೀತು.

ಆಮ್ಯಾಲೆ ಒಂದಿನ ಮುಂಜಾನೆ ನಾ ಡ್ಯೂಟಿಗೆ ಹೋಗೋಕಿಂತ ಮುಂಚೆ ಇಡ್ಲಿ ತಿನ್ನಾಕ ಕೂತಿದ್ದೆ. ಹಳೇ ಗಿರಾಕಿ ಒಬ್ರು, ಮರಾಠಿಯವ್ರು, ಹಲ್ಲು ಚುಚ್ಚಿಕೋತ ಗಲ್ಲೆದ ಹತ್ರ ಹೋಗಿ ದಿನದ ಹಂಗ ಸುರು ಮಾಡಿದ್ರು. "ಕಾಯ್ ಶೇಠ್, ವಹಿನೀಂಚ ಮತ ಸಾಪಡ್ಲ ಕಾ?" ವೈನಿಯ ಓಟು ಸಿಕ್ತಾ ಅಂತ.

ಮಾಮಾ ಚಿಲ್ಲರೆ ಎಣಸ್ತಿದ್ದವ ನಿಂತಾ. ನನ್ನ ಕಡೆ ಒಮ್ಮೆ ನೋಡಿದಾ, ಆಮ್ಯಾಲೆ ಪುಸ್ತಕದ ಕಡೆ. ನಾ ಚಮಚಾ ಕೆಳಗ ಇಟ್ಟೆ.

"ತಿಚ ಮತ ತ್ಯಾ ಮತದಾರಸಂಘಾತ ನವ್ಹತಚ" ಅಂದಾ ಮಾಮಾ ಮರಾಠಿಯಾಗ, ಮೆಲ್ಲಕ. ಅವಳ ಓಟು ಆ ಕ್ಷೇತ್ರದಲ್ಲಿ ಇರಲೇ ಇಲ್ಲ. "ಚೂಕ ಮಾಝೀ ಹೋತೀ." ತಪ್ಪು ನನ್ನದು.

ಗಿರಾಕಿ ನಗಬೇಕೋ ಬ್ಯಾಡೋ ತಿಳೀದs ಬಾಯಾಗ ಕಡ್ಡಿ ಇಟ್ಕೊಂಡು ನಿಂತ್ರು.

ಮೆಟ್ಟಲ ಮ್ಯಾಲಿಂದ ಮಾಮಿಯ ಧ್ವನಿ ಬಂತು. ಯಾವಾಗಿಂದ ನಿಂತಿದ್ರೋ ಏನೋ. "ಕನ್ನಡದಲ್ಲೂ ಹೇಳಿ. ಅಡಿಗೆಯವರಿಗೂ ಕೇಳ್ಬೇಕಲ್ಲ."

ಮಾಮಾ ಚಿಲ್ಲರೆ ಪೆಟ್ಟಿಗೆ ಮುಚ್ಚಿದಾ. ಖುರ್ಚಿ ತಿರುಗಿಸಿ ಅಡಿಗಿ ಮನಿ ಕಡೆ ಮಾರಿ ಮಾಡಿದಾ, ಗಂಟಲು ಸರಿ ಮಾಡಿಕೊಂಡಾ, ಈ ಸಲ ಜೋರಾಗಿ ಹೇಳಿದಾ.